ರಾಗಿಯ ತವರುಮನೆಯ ಊಟ

ಹಳೇ ಮೈಸೂರಿನ ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಇಡುವುದು ಹಿರಿಯರಿಂದ ಬಂದ ರೂಢಿ. ಆ ಸಾಲಿನಲ್ಲಿ ಅವರೆ, ಅಲಸಂದೆ, ಜೋಳದ ಜೊತೆಗೆ ಹುಚ್ಚೆಳ್ಳೂ ಇರುತ್ತದೆ. ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಹಸಿರು ರಾಗಿಯ ನಡುವೆ ಅರಿಸಿನದಲ್ಲಿ ಗೆರೆ ಎಳೆದ ಹಾಗೆ ಅದು ಹೂಬಿಟ್ಟು ನಿಲ್ಲುತ್ತದೆ. ಉತ್ತರ ಕರ್ನಾಟಕದಲ್ಲಿ ಅದೇ ಗುರೆಳ್ಳು. ರೊಟ್ಟಿಯ ಪಕ್ಕದಲ್ಲಿ ಗುರೆಳ್ಳು ಹಿಂಡಿ ಇಲ್ಲದಿದ್ದರೆ ಅಲ್ಲಿಯವರಿಗೆ ಉಂಡ ಹಾಗೇ ಆಗುವುದಿಲ್ಲ.

ಈ ಹುಚ್ಚೆಳ್ಳಿಗೆ ಸಸ್ಯಶಾಸ್ತ್ರಜ್ಞರು ಕೊಟ್ಟ ಹೆಸರು ಗೈಜೋಶಿಯ ಅಬಿಸಿನಿಕ. ಅಬಿಸಿನಿಯ ಎಂಬುದು ಇಥಿಯೋಪಿಯದ ಹಳೆಯ ಹೆಸರು. ಹುಚ್ಚೆಳ್ಳಿನ ಹುಟ್ಟೂರು ಅದು. ಅದರ ಪಕ್ಕದಲ್ಲೇ ತೆನೆ ತೂಗುವ ರಾಗಿಯೂ ಆ ಸೀಮೆಯದೇ; ಇಥಿಯೋಪಿಯದಿಂದ ಉಗಾಂಡದವರೆಗಿನ ಎತ್ತರದ ನೆಲದಲ್ಲಿ ಮನುಷ್ಯ ಅದನ್ನು ಮೊದಲು ಪಳಗಿಸಿದ. ಜೋಳದ ಮೂಲ ಸುಡಾನ್ ಮತ್ತು ಇಥಿಯೋಪಿಯದ ಸುತ್ತಿನ ಹುಲ್ಲುಗಾವಲು. ನಾವು ಬೆಳಿಗ್ಗೆ ಎದ್ದು ಕುಡಿಯುವ ಕಾಫಿಯ ಗಿಡ ಇಥಿಯೋಪಿಯದ ನೈರುತ್ಯದ ಕಾಡುಗಳಲ್ಲಿ ಇಂದಿಗೂ ತಾನಾಗಿ ಬೆಳೆಯುತ್ತದೆ. ಮುದ್ದೆ, ರೊಟ್ಟಿ, ಹುಚ್ಚೆಳ್ಳು ಚಟ್ನಿ, ಕಾಫಿ: ನಮ್ಮದೇ ಎಂದು ನಾವು ಎದೆ ತಟ್ಟಿಕೊಂಡು ಹೇಳುವ ಈ ನಾಲ್ಕಕ್ಕೂ ಬೇರು ಕೆಂಪು ಸಮುದ್ರದ ಆಚೆಗಿದೆ.

ಹೀಗಿದ್ದೂ ಇಥಿಯೋಪಿಯ ಎಂದರೆ ನಮ್ಮಲ್ಲಿ ಬಹುಮಂದಿಯ ಕಣ್ಣಿಗೆ ಕಟ್ಟುವುದು 1984–85ರ ಕ್ಷಾಮದ ಚಿತ್ರ. ಆ ಚಿತ್ರ ಸುಳ್ಳಲ್ಲ. ಮಳೆ ಕೈಕೊಟ್ಟಿತ್ತು, ಅಂತರ್ಯುದ್ಧ ನಡೆದಿತ್ತು, ಬಂಡುಕೋರರ ಸೀಮೆಗೆ ಕಾಳು ಹೋಗದಂತೆ ಸೇನಾ ಸರ್ಕಾರವೇ ಅಡ್ಡಗಟ್ಟಿತ್ತು. ಲಕ್ಷಾಂತರ ಜನ ಸತ್ತರು. 2020ರಿಂದ 2022ರವರೆಗಿನ ಟಿಗ್ರಾಯ್ ಯುದ್ಧದಲ್ಲಿ ಹಸಿವು ಮತ್ತೆ ಆಯುಧವಾಯಿತು. ಆದರೆ ಒಂದು ನಾಡನ್ನು ಅದರ ಕೆಟ್ಟ ವರ್ಷಗಳಿಂದಷ್ಟೇ ಗುರುತಿಸುವುದು ಅನ್ಯಾಯ. 1876–78ರ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐದರಲ್ಲೊಂದು ಪಾಲು ಜನ ಅಳಿದುಹೋದರು. ಅದರ ಮೇಲೆ ಯಾರಾದರೂ ನಮ್ಮ ಅಡುಗೆಯನ್ನು ಅಳೆದರೆ ನಮಗೆ ಹೇಗನ್ನಿಸೀತು? ಇಥಿಯೋಪಿಯ ಜಗತ್ತಿಗೆ ಧಾನ್ಯ ಕೊಟ್ಟ ನಾಡು. ಹಿಟ್ಟು ಹುಳಿಸುವುದರಲ್ಲಿ, ಮಸಾಲೆ ಕೂಡಿಸುವುದರಲ್ಲಿ, ಒಂದೇ ತಟ್ಟೆಯಲ್ಲಿ ಹತ್ತು ಕೈ ಉಣ್ಣುವುದರಲ್ಲಿ ಅದಕ್ಕೆ ಅದೇ ಸಾಟಿ. ಆ ಊಟವನ್ನು ಕನ್ನಡಿಗರು ಬಳಗದವರ ಊಟದಂತೆ ನೋಡಬೇಕೆಂಬುದು ನನ್ನ ಆಸೆ.

ಅಲ್ಲಿಯ ಊಟ ಎಂದರೆ ಇಂಜೆರಾ. ಅದು ತೆಫ್ ಎಂಬ ಧಾನ್ಯದ್ದು. ತೆಫ್ ಎಷ್ಟು ಸಣ್ಣದೆಂದರೆ ಒಂದು ಗೋಧಿ ಕಾಳಿನ ತೂಕಕ್ಕೆ ಸುಮಾರು 150 ತೆಫ್ ಕಾಳು ಬೇಕು. ನಮ್ಮ ರಾಗಿ ಅದರ ಮುಂದೆ ದಪ್ಪ ಕಾಳು. ಕೈತಪ್ಪಿ ನೆಲಕ್ಕೆ ಬಿದ್ದರೆ ಮತ್ತೆ ಹುಡುಕಲಾಗದು. ‘ಕಳೆದುಹೋಯಿತು’ ಎನ್ನುವ ಅಮ್ಹಾರಿಕ್ ಮಾತಿನಿಂದಲೇ ಅದಕ್ಕೆ ಆ ಹೆಸರು ಬಂತೆಂದು ಅಲ್ಲಿಯವರು ಹೇಳುತ್ತಾರೆ. ಒಂದು ಸಣ್ಣ ಚೀಲ ಬೀಜ ದೊಡ್ಡ ಹೊಲಕ್ಕೆ ಸಾಕು. ಬಿತ್ತುವ ಮೊದಲು ಮತ್ತೆ ಮತ್ತೆ ಉತ್ತು, ದನಗಳನ್ನು ಓಡಾಡಿಸಿ ಮಣ್ಣನ್ನು ತುಳಿಸಿ ಗಟ್ಟಿ ಮಾಡುತ್ತಾರೆ. ನೀರು ನಿಲ್ಲುವ ಕಪ್ಪು ಮಣ್ಣನ್ನೂ, ಮಳೆ ತಪ್ಪಿದ ವರ್ಷವನ್ನೂ ತಾಳಿಕೊಳ್ಳುವ ಬೆಳೆ ಇದು. ಕಷ್ಟವೆಂದರೆ ದಂಟು ನವಿರು. ತೆನೆ ತುಂಬುತ್ತಿದ್ದ ಹಾಗೆ ಪೈರು ಮಲಗಿಬಿಡುತ್ತದೆ.

ಹಿಟ್ಟನ್ನು ನೀರಿನಲ್ಲಿ ಕಲಸಿ, ಹಿಂದಿನ ಸಲದ ಹಿಟ್ಟಿನ ಮೇಲೆ ತೇಲಿದ್ದ ಹಳದಿ ಬಣ್ಣದ ಹುಳಿನೀರನ್ನು ಬೆರೆಸಿ ಎರಡು ಮೂರು ದಿನ ಮುಚ್ಚಿಡುತ್ತಾರೆ. ಆ ನೀರಿಗೆ ಎರ್ಶೊ ಎಂದು ಹೆಸರು. ಮೊಸರಿಗೆ ಹೆಪ್ಪು ಹಾಕಿದ ಹಾಗೆಯೇ. ಹೆಪ್ಪು ಕೆಟ್ಟರೆ ಪಕ್ಕದ ಮನೆಗೆ ಹೋಗಿ ಕೇಳಿ ತರಬೇಕು. ಹುಳಿ ಬಂದ ಮೇಲೆ ಹಿಟ್ಟಿನಲ್ಲಿ ಒಂದು ಪಾಲು ತೆಗೆದು, ನೀರಿನಲ್ಲಿ ಕುದಿಸಿ ಗಂಜಿಯಂತೆ ಮಾಡಿ, ಮತ್ತೆ ಹಿಟ್ಟಿಗೇ ಸೇರಿಸುತ್ತಾರೆ. ಗೋಧಿಯಲ್ಲಿರುವ ಅಂಟು ತೆಫ್‌ನಲ್ಲಿ ಇಲ್ಲ. ಇಂಜೆರಾ ಹರಿಯದೆ ಮೆತ್ತಗೆ ಬಾಗುವಂತೆ ಮಾಡುವುದು ಈ ಕುದಿಸಿದ ಪಾಲು. ಓದು ಬರಹದ ಹಂಗಿಲ್ಲದೆ ಅಡುಗೆಮನೆಯ ಹೆಂಗಸರು ಕಂಡುಕೊಂಡ ವಿದ್ಯೆ ಇದು.

ಬೇಯಿಸುವ ಕಾವಲಿ ಮಿತಾದ್. ಮಣ್ಣಿನದು, ಅರ್ಧ ಮೀಟರಿಗೂ ಅಗಲ. ಅದಕ್ಕೆ ಎಣ್ಣೆ ಹಚ್ಚುವುದಿಲ್ಲ. ಸಾಸಿವೆಯ ಜಾತಿಯ ಒಂದು ಬೀಜದ ಪುಡಿ ಉದುರಿಸಿ ಬಟ್ಟೆಯಲ್ಲಿ ಉಜ್ಜಿದರೆ ಆಯಿತು. ನಾವು ದೋಸೆಹಿಟ್ಟನ್ನು ನಡುವೆ ಹೊಯ್ದು ಸೌಟಿನಿಂದ ಹೊರಕ್ಕೆ ತೀಡುತ್ತೇವೆ. ಅವರು ಅಂಚಿನಿಂದ ಶುರುಮಾಡಿ ಸುತ್ತುಸುತ್ತಾಗಿ ಒಳಕ್ಕೆ ಬರುತ್ತಾರೆ, ಸೌಟು ಮುಟ್ಟಿಸುವುದೇ ಇಲ್ಲ. ಹೊಯ್ದು ಅರೆಗಳಿಗೆಯಲ್ಲಿ ಮೈತುಂಬ ಗುಳ್ಳೆ ಎದ್ದು ಒಡೆದು ತೂತುಗಳಾಗುತ್ತವೆ. ಆಗ ಮುಚ್ಚಳ ಮುಚ್ಚಬೇಕು. ಎರಡು ಮೂರು ನಿಮಿಷಕ್ಕೆ ಹಬೆಯಲ್ಲೇ ಬೆಂದ ಇಂಜೆರಾ ಅಂಚಿನಲ್ಲಿ ಎದ್ದುಕೊಳ್ಳುತ್ತದೆ. ತಿರುವಿಹಾಕುವಂತಿಲ್ಲ, ಕೆಂಪಗಾಗಲು ಬಿಡುವಂತಿಲ್ಲ. ಹುಲ್ಲಿನ ಚಾಪೆಯನ್ನು ಅಡಿಗೆ ಜಾರಿಸಿ ಎತ್ತುತ್ತಾರೆ. ಆ ತೂತುಗಳಿಗೆ ಅಮ್ಹಾರಿಕ್‌ನಲ್ಲಿ ಇರುವ ಹೆಸರು ‘ಕಣ್ಣು’. ಇಂಜೆರಾಕ್ಕೆ ಕಣ್ಣು ಎಷ್ಟಿವೆ, ಎಷ್ಟು ಸಮವಾಗಿವೆ ಎನ್ನುವುದರ ಮೇಲೆ ಅದನ್ನು ಮಾಡಿದವಳ ಕೈಗುಣ ಹೇಳುತ್ತಾರೆ. ನಮ್ಮ ತೂತುದೋಸೆ ಹೊಯ್ಯುವ ಅಮ್ಮಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೋಸೆಗೂ ಇದಕ್ಕೂ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಇಂಜೆರಾ ತಿಂಡಿಯೂ ಹೌದು, ಎಲೆಯೂ ಹೌದು, ಚಮಚವೂ ಹೌದು. ಮೆಸೊಬ್ ಎಂಬ ಬಣ್ಣದ ಹುಲ್ಲಿನ ಬುಟ್ಟಿಯ ಮೇಲೆ ಅದನ್ನು ಹಾಸಿ, ಅದರ ಮೇಲೆಯೇ ಪಲ್ಯ ಸಾರುಗಳನ್ನು ಗುಡ್ಡೆಗುಡ್ಡೆಯಾಗಿ ಬಡಿಸುತ್ತಾರೆ. ಸುತ್ತ ಕುಳಿತವರ ಕೈಗೆ ಮನೆಯವರು ಹೂಜಿಯಿಂದ ನೀರು ಹನಿಸುತ್ತಾರೆ. ಬಲಗೈಯಲ್ಲಿ ಇಂಜೆರಾ ಹರಿದು, ಅದರಲ್ಲೇ ಪಲ್ಯ ಹಿಡಿದು ಬಾಯಿಗಿಡುವುದು. ರಸವನ್ನೆಲ್ಲ ಹೀರಿ ನೆನೆದ ಅಡಿಯ ಇಂಜೆರಾ ಕೊನೆಯ ತುತ್ತು, ಎಲ್ಲಕ್ಕಿಂತ ರುಚಿಯದು. ಊಟದ ನಡುವೆ ಒಬ್ಬರು ತುತ್ತು ಕಟ್ಟಿ ಪಕ್ಕದವರ ಬಾಯಿಗಿಡುತ್ತಾರೆ. ಅದು ಗುರ್ಶಾ. ಅತಿಥಿಗೆ, ಹಿರಿಯರಿಗೆ, ಮುನಿಸಿಕೊಂಡವರಿಗೆ ಕೊಡುವ ಮರ್ಯಾದೆ. ತುತ್ತು ದೊಡ್ಡದಾದಷ್ಟೂ ಪ್ರೀತಿ ದೊಡ್ಡದು. ಅಮ್ಮ ಮಗುವಿಗೆ ಕೈತುತ್ತು ಹಾಕುವುದನ್ನು ನಾವು ಮಗು ಬೆಳೆಯುತ್ತಿದ್ದಂತೆ ನಿಲ್ಲಿಸುತ್ತೇವೆ. ಅವರು ನಿಲ್ಲಿಸಿಲ್ಲ.

ಇಂಜೆರಾದ ಮೇಲೆ ಬೀಳುವ ಗಟ್ಟಿ ಸಾರಿಗೆ ವೊತ್ ಎಂದು ಹೆಸರು. ಅದರ ಗುಟ್ಟು ಈರುಳ್ಳಿ. ಸಣ್ಣಗೆ ಹೆಚ್ಚಿದ ರಾಶಿ ಈರುಳ್ಳಿಯನ್ನು ಒಂದು ಹನಿ ಎಣ್ಣೆಯೂ ಇಲ್ಲದೆ ಬರಿಯ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಬಾಡಿಸುತ್ತಾರೆ. ತಳ ಹಿಡಿಯುತ್ತಿದೆ ಎನ್ನಿಸಿದಾಗ ಚೂರು ನೀರು ಚಿಮುಕಿಸಬೇಕು. ಅದು ಕರಗಿ ಮುದ್ದೆಯಾಗುವವರೆಗೆ ಅವಸರ ಮಾಡುವಂತಿಲ್ಲ. ಆಮೇಲೆ ಬೆಣ್ಣೆ ಅಥವಾ ಎಣ್ಣೆ, ಅದರ ಮೇಲೆ ಬೆರ್ಬೆರೆ. ಬೆರ್ಬೆರೆ ಅವರ ಖಾರದ ಪುಡಿ: ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ, ಮೆಂತ್ಯ, ಓಮ, ಕಲೋಂಜಿ, ತುಳಸಿಯ ಜಾತಿಯ ಒಂದು ಸೊಪ್ಪು, ಕೊರರಿಮಾ ಎಂಬ ಅಲ್ಲಿಯದೇ ಏಲಕ್ಕಿ. ಬಿಸಿಲಿನಲ್ಲಿ ಒಣಗಿಸಿ, ಹುರಿದು, ವರ್ಷಕ್ಕಾಗುವಷ್ಟು ಕುಟ್ಟಿಸಿ ಇಡುತ್ತಾರೆ. ಬೇಸಿಗೆಯಲ್ಲಿ ನಮ್ಮ ಮನೆಗಳಲ್ಲಿ ಸಾರಿನ ಪುಡಿ ಮಾಡಿಡುವ ಹಾಗೆ. ಬೆಣ್ಣೆಯನ್ನೂ ಮಸಾಲೆ ಸೊಪ್ಪುಗಳ ಜೊತೆ ಕಾಯಿಸಿ ಸೋಸಿದ ಮೇಲೆಯೇ ಬಳಸುವುದು.

ಹಬ್ಬದ ಅಡುಗೆ ದೋರೊ ವೊತ್. ಒಂದು ಕೋಳಿಯನ್ನು ಹನ್ನೆರಡು ತುಂಡು ಮಾಡುವುದು ಸಂಪ್ರದಾಯ, ಜೊತೆಗೆ ಬೇಯಿಸಿದ ಮೊಟ್ಟೆ. ದಕ್ಷಿಣದ ಗುರಾಗೆ ಜನ ನುಣ್ಣಗೆ ಕೊಚ್ಚಿದ ಹಸಿಮಾಂಸಕ್ಕೆ ಖಾರವನ್ನೂ ಮಸಾಲೆ ಬೆಣ್ಣೆಯನ್ನೂ ಕಲಸಿ ಕಿಟ್ಫೊ ಮಾಡುತ್ತಾರೆ. ಸೆಪ್ಟೆಂಬರ್ ಕೊನೆಯ ಮೆಸ್ಕೆಲ್ ಹಬ್ಬಕ್ಕೆ ಅದು ಇರಲೇಬೇಕು. ಇಟಲಿಯವರು 1936ರಿಂದ 1941ರವರೆಗೆ ಆಕ್ರಮಿಸಿ ಕುಳಿತಿದ್ದಾಗ ಬಿಟ್ಟುಹೋದ ಶ್ಯಾವಿಗೆ, ಹಾಲುಕಾಫಿಗಳೂ ಪಟ್ಟಣಗಳಲ್ಲಿ ಬೇರುಬಿಟ್ಟಿವೆ.

ಆದರೆ ಮಾಂಸದ ನಾಡು ಎಂದುಕೊಂಡು ಹೋದವರಿಗೆ ಅಲ್ಲಿ ಕಾಣುವುದು ಬೇರೆ. ಇಥಿಯೋಪಿಯದ ಆರ್ಥೊಡಾಕ್ಸ್ ಕ್ರೈಸ್ತರು ವರ್ಷದಲ್ಲಿ ಸುಮಾರು 180 ದಿನ ವ್ರತ ಹಿಡಿಯುತ್ತಾರೆ. ಪಾದ್ರಿಗಳಿಗೆ ಅದು 250 ದಿನ ಮೀರುತ್ತದೆ. ವಾರವಾರವೂ ಬುಧವಾರ, ಶುಕ್ರವಾರ. ಈಸ್ಟರ್‌ಗೆ ಮುಂಚೆ ಒಟ್ಟಿಗೆ 55 ದಿನ. ವ್ರತದ ದಿನ ಮಾಂಸ, ಮೊಟ್ಟೆ ಇರಲಿ, ಹಾಲು ಬೆಣ್ಣೆಯನ್ನೂ ಮುಟ್ಟುವುದಿಲ್ಲ. ಒಂದು ಜನಾಂಗ ವರ್ಷದ ಅರ್ಧದಷ್ಟು ದಿನ ಹೀಗೆ ಉಂಡರೆ ಅದರ ಕಾಳು ಸೊಪ್ಪಿನ ಅಡುಗೆ ಎಷ್ಟು ಪಳಗಿರಬೇಡ! ಮಸೂರ ಬೇಳೆಯ ಕೆಂಪು ವೊತ್, ಬಟಾಣಿ ಬೇಳೆಯ ಹಳದಿ ವೊತ್, ಎಲೆಕೋಸಿನ ಪಲ್ಯ, ಬೆಳ್ಳುಳ್ಳಿ ಹಾಕಿ ಬಾಡಿಸಿದ ಸೊಪ್ಪು, ಎಲ್ಲವೂ ಒಂದೇ ಇಂಜೆರಾದ ಮೇಲೆ ಬರುತ್ತವೆ. ಇವುಗಳ ನಡುವೆ ಶಿರೊ. ಹುರಿದ ಕಡಲೆಯ ಹಿಟ್ಟನ್ನು ಮಸಾಲೆಯೊಂದಿಗೆ ಕುದಿಸಿ ಗಟ್ಟಿ ಮಾಡಿದ್ದು. ಧಾರವಾಡದವರು ಒಂದು ತುತ್ತಿಗೇ ‘ಇದು ನಮ್ಮ ಜುಣಕ’ ಎಂದುಬಿಡುತ್ತಾರೆ. ಬಡವರ ಮನೆಯಲ್ಲೂ ಸಿರಿವಂತರ ಮನೆಯಲ್ಲೂ ದಿನ ತಪ್ಪದ ಅಡುಗೆ ಅದು. ವ್ರತದ ದಿನ ಬೆಣ್ಣೆಯ ಬದಲು ಒಗ್ಗರಣೆಗೆ ಬರುವ ಎಣ್ಣೆಗಳಲ್ಲಿ ಹಳೆಯದು ನೂಗ್. ನೂಗ್ ಎಂದರೆ ಹುಚ್ಚೆಳ್ಳು.

ಹಾಗಾದರೆ ನಮ್ಮ ಮುದ್ದೆಗೆ ಅಲ್ಲಿ ಬಂಧು ಇಲ್ಲವೇ? ಇದೆ, ಗೆನ್ಫೊ. ಕುದಿಯುವ ನೀರಿಗೆ ಬಾರ್ಲಿ ಹಿಟ್ಟು ಸುರಿದು ಕೋಲಿನಿಂದ ಗಂಟಿಲ್ಲದಂತೆ ತೊಳಸಿ, ತಟ್ಟೆಗೆ ಹಾಕಿ ಗುಂಡಗೆ ಮಾಡುತ್ತಾರೆ. ನಡುವೆ ಒಂದು ಗುಳಿ ತೋಡಿ ಅದರ ತುಂಬ ಮಸಾಲೆ ಬೆಣ್ಣೆ ಮತ್ತು ಬೆರ್ಬೆರೆ. ಅಂಚಿನಿಂದ ಚೂರು ಚೂರು ಮುರಿದು, ಗುಳಿಯ ಕೆಂಪು ಬೆಣ್ಣೆಯಲ್ಲಿ ಅದ್ದಿ ತಿನ್ನುವುದು. ಗೆನ್ಫೊ ಬಾಣಂತಿಯ ಊಟ. ಮಗು ಹುಟ್ಟಿದ ಮನೆಗೆ ನೋಡಲು ಬಂದ ನೆರೆಯ ಹೆಂಗಸರೂ ಸುತ್ತ ಕುಳಿತು ಅದೇ ತಟ್ಟೆಯಿಂದ ತಿಂದು ಮಗುವನ್ನು ಹರಸುತ್ತಾರೆ. ಬೆಸ್ಸೊ ಎಂದರೆ ಹುರಿದ ಬಾರ್ಲಿಯ ಹಿಟ್ಟು, ಅಂದರೆ ಹುರಿಹಿಟ್ಟು. ದೂರ ಹೋಗುವವರು ಬುತ್ತಿಗೆ ಕಟ್ಟಿಕೊಳ್ಳುತ್ತಾರೆ. ನೀರಿಗೆ ಕದಡಿ ಜೇನು ಹಾಕಿ ಕುಡಿಯುತ್ತಾರೆ. ರಾಗಿಗೆ ಅಲ್ಲಿ ದಾಗುಸ್ಸಾ ಎಂದು ಹೆಸರು. ತೆಫ್ ಕಡಿಮೆ ಬಿದ್ದಾಗ ಇಂಜೆರಾಕ್ಕೆ ಅದನ್ನೇ ಬೆರೆಸುತ್ತಾರೆ. ಮನೆಯಲ್ಲಿ ಮಾಡುವ ತೆಲ್ಲಾ ಎಂಬ ಹುಳಿಮದ್ಯಕ್ಕೂ ಅದು ಬೇಕು.

ತೆಲ್ಲಾಕ್ಕೆ ಕಹಿ ಕೊಡುವುದು ಗೆಶೊ ಎಂಬ ಪೊದೆಯ ಎಲೆ. ಜೇನಿನಿಂದ ಮಾಡುವ ತೆಜ್‌ಗೂ ಅದೇ. ಜೇನಿಗೆ ನೀರು ಬೆರೆಸಿ, ಗೆಶೊ ಹಾಕಿ ವಾರಗಟ್ಟಲೆ ಹುಳಿಯಲು ಬಿಟ್ಟರೆ ಹೊಂಬಣ್ಣದ ತೆಜ್ ಸಿದ್ಧ. ಹಿಂದೆ ಅರಮನೆಯ ಪಾನೀಯವಾಗಿತ್ತು, ಈಗ ಮದುವೆಮನೆಯದು. ಉದ್ದ ಕತ್ತು, ದುಂಡು ಹೊಟ್ಟೆಯ ಗಾಜಿನ ಬುರುಡೆಯಲ್ಲಿ ಕೊಡುತ್ತಾರೆ.

ಇನ್ನು ದಕ್ಷಿಣದ ಎನ್ಸೆಟ್. ನೋಡಲು ಥೇಟ್ ಬಾಳೆ, ಆದರೆ ತಿನ್ನುವ ಹಣ್ಣು ಕೊಡದು. ನಮ್ಮ ಪಶ್ಚಿಮ ಘಟ್ಟದ ಬಂಡೆಗಳ ಮೇಲೆ ಮಳೆಗಾಲದಲ್ಲಿ ಚಿಗುರುವ ಕಲ್ಲುಬಾಳೆ ಇದರ ಸೋದರ ಸಸ್ಯ. ನಾವು ಅದನ್ನು ಕಾಡಿನಲ್ಲೇ ಬಿಟ್ಟೆವು. ಇಥಿಯೋಪಿಯದವರು ತಮ್ಮದನ್ನು ಹಿತ್ತಿಲಿಗೆ ತಂದು ಸಾಕಿದರು. ಇಂದು ಸುಮಾರು 2 ಕೋಟಿ ಜನಕ್ಕೆ ಅದು ಆಧಾರ. ನಾಲ್ಕಾರು ವರ್ಷ ಬೆಳೆದ ಗಿಡವನ್ನು ಕಡಿದು, ಹೆಂಗಸರು ದಿಂಡಿನ ಪಟ್ಟೆಗಳನ್ನು ಹಲಗೆಗೆ ಆನಿಸಿ ಬಿದಿರ ಚಕ್ಕೆಯಿಂದ ಕೆರೆದು ತಿರುಳು ತೆಗೆಯುತ್ತಾರೆ. ಗಡ್ಡೆಯನ್ನು ಜಜ್ಜಿ ಅದಕ್ಕೆ ಸೇರಿಸುತ್ತಾರೆ. ಎನ್ಸೆಟ್ ಎಲೆ ಹಾಸಿದ ಗುಂಡಿಯಲ್ಲಿ ಅದನ್ನು ತಿಂಗಳುಗಟ್ಟಲೆ ಹುಗಿದಿಡಬೇಕು. ಹುಳಿದ ಆ ಹಿಟ್ಟನ್ನು ತಟ್ಟಿ ಬೇಯಿಸಿದರೆ ಕೊಚೊ ಎಂಬ ದಪ್ಪ ರೊಟ್ಟಿ. ಎನ್ಸೆಟ್‌ನ ದೊಡ್ಡ ಗುಣವೆಂದರೆ ಅದಕ್ಕೆ ಸುಗ್ಗಿಯ ಕಾಲ ಇಲ್ಲ. ಹಸಿವಾದ ವರ್ಷ ಕಡಿ, ಬೆಳೆ ಬಂದ ವರ್ಷ ಬಿಡು. ಉತ್ತರದಲ್ಲಿ ಜನ ಸಾಯುತ್ತಿದ್ದ 1984ರಲ್ಲಿ ಎನ್ಸೆಟ್ ಹಿತ್ತಿಲುಗಳಿದ್ದ ದಕ್ಷಿಣ ಅಷ್ಟು ನರಳಲಿಲ್ಲ. ಬರ ಎಂದರೆ ಇಡೀ ದೇಶದ ಹಣೆಬರಹ ಎಂದುಕೊಂಡವರು ಇದನ್ನು ನೆನಪಿಡಬೇಕು.

ಊಟದ ಮಾತು ಎಷ್ಟಾದರೂ ಬುನಾ ಇಲ್ಲದೆ ಮುಗಿಯದು. ಬುನಾ ಎಂದರೆ ಕಾಫಿ. ‘ಬುನಾ ದಾಬೊ ನೌ’, ಕಾಫಿಯೇ ನಮ್ಮ ರೊಟ್ಟಿ, ಎಂಬುದು ಅಲ್ಲಿಯ ನಾಣ್ಣುಡಿ. ಕಾಫಿ ಮಾಡುವ ಮೊದಲು ನೆಲಕ್ಕೆ ಹಸಿಹುಲ್ಲು ಹಾಸುತ್ತಾರೆ, ಧೂಪ ಹಾಕುತ್ತಾರೆ. ಮನೆಯ ಹೆಣ್ಣುಮಗಳು ಬಿಳಿ ಸೀರೆಯಂಥ ನೂಲಿನ ಉಡುಗೆ ತೊಟ್ಟು ಇದ್ದಿಲ ಒಲೆಯ ಮುಂದೆ ಕೂರುತ್ತಾಳೆ. ಹಸಿರು ಬೀಜ ತೊಳೆದು, ಚಿಕ್ಕ ಬಾಣಲೆಯಲ್ಲಿ ಅಲ್ಲಾಡಿಸುತ್ತ ಹುರಿಯುತ್ತಾಳೆ. ಬೀಜ ಚಟಪಟ ಸಿಡಿದು, ಕಪ್ಪಗೆ ಎಣ್ಣೆ ಒಸರುವಾಗ ಬಾಣಲೆಯನ್ನು ಹಿಡಿದು ಎದ್ದು ಬಂದು ಒಬ್ಬೊಬ್ಬರ ಮುಂದೆಯೂ ಹಿಡಿಯುತ್ತಾಳೆ. ಮಂಗಳಾರತಿ ತೆಗೆದುಕೊಳ್ಳುವ ಹಾಗೆ ಅತಿಥಿಗಳು ಆ ಹೊಗೆಯನ್ನು ಕೈಯಿಂದ ಮುಖಕ್ಕೆ ಎಳೆದುಕೊಳ್ಳುತ್ತಾರೆ. ಬೀಜವನ್ನು ಮರದ ಒರಳಿನಲ್ಲಿ ಕುಟ್ಟಿ, ಜೆಬೆನಾ ಎಂಬ ಕರಿ ಮಣ್ಣಿನ ಹೂಜಿಯಲ್ಲಿ ಕುದಿಸಿ, ಗಸಿ ತಳ ಸೇರಿದ ಮೇಲೆ ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಎತ್ತರದಿಂದ ಸಣ್ಣ ಧಾರೆಯಾಗಿ ಬಗ್ಗಿಸುತ್ತಾಳೆ. ಜೊತೆಗೆ ಹುರಿದ ಬಾರ್ಲಿ ಅಥವಾ ಜೋಳದ ಅರಳು.

ಮೂರು ಸುತ್ತು ಕುಡಿಯಬೇಕು. ಮೊದಲ ಗಟ್ಟಿ ಕಾಫಿ ಅಬೊಲ್. ಅದೇ ಗಸಿಗೆ ಮತ್ತೆ ನೀರು ಹಾಕಿ ಕುದಿಸಿದ್ದು ತೊನಾ. ಮೂರನೆಯ ತೆಳು ಕಾಫಿ ಬೆರೆಕಾ, ಅಂದರೆ ಆಶೀರ್ವಾದ. ಅದನ್ನು ಕುಡಿಯದೆ ಎದ್ದರೆ ಹರಕೆ ತಪ್ಪಿಸಿಕೊಂಡ ಹಾಗೆ. ಇದಕ್ಕೆ ಒಂದೆರಡು ಗಂಟೆ ಹಿಡಿಯುತ್ತದೆ. ಕೇರಿಯ ಜಗಳ, ಸಂಬಂಧದ ಮಾತು, ಸಾಲದ ಚಿಂತೆ ಎಲ್ಲವೂ ಅಲ್ಲೇ ಬಗೆಹರಿಯುವುದು. ಈ ಕಾಡಿನ ಗಿಡ ಕೆಂಪು ಸಮುದ್ರ ದಾಟಿ ಯೆಮೆನ್ ಸೇರಿತು. 17ನೇ ಶತಮಾನದಲ್ಲಿ ಅಲ್ಲಿಂದ ಬಾಬಾ ಬುಡನ್ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರೆಂಬ ಐತಿಹ್ಯ ನಮಗೆಲ್ಲ ಗೊತ್ತು. ಕಾಫಿಯ ಕತೆಯನ್ನು ಯೆಮೆನ್‌ನಿಂದ ಶುರುಮಾಡುವುದು ನಮ್ಮ ಅಭ್ಯಾಸ. ಅದರ ಹಿಂದಿನ ಅಧ್ಯಾಯ ಇಥಿಯೋಪಿಯದ್ದು ಎಂಬುದನ್ನು ಮಕ್ಕಳಿಗೆ ಹೇಳಬೇಕು.

ಹೀಗೆ ಕೊಟ್ಟ ನಾಡಿಗೆ ಜಗತ್ತು ಹಿಂದಿರುಗಿಸಿದ್ದೇನು? ತೆಫ್‌ನಲ್ಲಿ ಅಂಟಿಲ್ಲ, ಕಬ್ಬಿಣ ಇದೆ, ಸುಣ್ಣದ ಅಂಶ ಇದೆ ಎಂದು ಶ್ರೀಮಂತ ದೇಶಗಳಿಗೆ ಗೊತ್ತಾಗುತ್ತಿದ್ದಂತೆ ನೆದರ್ಲೆಂಡ್ಸ್‌ನ ಒಂದು ಕಂಪನಿ 2003ರಲ್ಲಿ ತೆಫ್ ಹಿಟ್ಟಿನ ಸಂಸ್ಕರಣೆಗೆ ಪೇಟೆಂಟ್ ಅರ್ಜಿ ಹಾಕಿತು. 2007ರಲ್ಲಿ ಯುರೋಪಿನ ಪೇಟೆಂಟ್ ಸಿಕ್ಕಿಯೂ ಬಿಟ್ಟಿತು. ನಡುವೆ 2005ರಲ್ಲಿ ಇಥಿಯೋಪಿಯದೊಂದಿಗೆ ಲಾಭ ಹಂಚಿಕೊಳ್ಳುವ ಒಪ್ಪಂದವಾಗಿತ್ತು, ಆದರೆ ಆ ದೇಶದ ಕೈಗೆ ಹೇಳಿಕೊಳ್ಳುವಂಥದ್ದೇನೂ ಬರಲಿಲ್ಲ. ಸಾವಿರಾರು ವರ್ಷ ಹೆಂಗಸರು ಬೀಸಿ, ಹುಳಿಸಿ, ಬೇಯಿಸಿದ ಹಿಟ್ಟಿನಲ್ಲಿ ಹೊಸ ಶೋಧ ಏನಿತ್ತು? ಹೇಗ್‌ನ ನ್ಯಾಯಾಲಯ 2018ರ ನವೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಮಟ್ಟಿಗೆ ಆ ಪೇಟೆಂಟನ್ನು ಅಸಿಂಧು ಎಂದಿತು. ಅರಿಸಿನ ಗಾಯ ಮಾಯಿಸುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಕೊಟ್ಟಿದ್ದ ಪೇಟೆಂಟನ್ನು 1997ರಲ್ಲಿ ಹೋರಾಡಿ ರದ್ದು ಮಾಡಿಸಿದ ನಮಗೆ ಈ ನೋವು ಹೊಸದಲ್ಲ. ತೆಫ್ ಹೊರಗೆ ಹೋಗಿ ತನ್ನ ಜನಕ್ಕೆ ದುಬಾರಿಯಾದೀತೆಂದು ಇಥಿಯೋಪಿಯ 2006ರಲ್ಲೇ ಕಾಳಿನ ರಫ್ತು ನಿಲ್ಲಿಸಿತ್ತು. ಅಷ್ಟಾದರೂ ಪಟ್ಟಣದ ಬಡವರು ಇಂದು ಅಗ್ಗದ ಮುಸುಕಿನ ಜೋಳ, ಅಕ್ಕಿಯ ಹಿಟ್ಟು ಬೆರೆಸಿಯೇ ಇಂಜೆರಾ ಹೊಯ್ಯಬೇಕಾಗಿದೆ.

ಆ ನೆಲದ ಬೆಲೆಯನ್ನು ಮೊದಲೇ ಕಂಡವರಿದ್ದರು. ರಷ್ಯಾದ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೋವ್ 1927ರಲ್ಲಿ ಅಲ್ಲಿ ಸಂಚರಿಸಿ, ಬೆಳೆಗಳ ವೈವಿಧ್ಯಕ್ಕೆ ಲೋಕದ ಮೂಲಸ್ಥಾನಗಳಲ್ಲಿ ಅದೊಂದು ಎಂದು ಗುರುತಿಸಿದರು. ಬೀಜ ಕೂಡಿಡುವುದಕ್ಕೇ ಬದುಕು ಸವೆಸಿದ ಅವರು 1943ರಲ್ಲಿ ಸ್ಟಾಲಿನ್‌ನ ಸೆರೆಮನೆಯಲ್ಲಿ ಹೊಟ್ಟೆಗಿಲ್ಲದೆ ತೀರಿಕೊಂಡರು. ಅಡಿಸ್ ಅಬಾಬಾದಲ್ಲಿ 1976ರಲ್ಲಿ ಬೀಜಭಂಡಾರ ಶುರುವಾಯಿತು. ಬರಗಾಲದಲ್ಲಿ ಬಿತ್ತನೆಯ ಕಾಳನ್ನೂ ರೈತರು ತಿಂದುಬಿಡಬೇಕಾಗಿ ಬಂದಾಗ, ಅದರ ಮುಖ್ಯಸ್ಥ ಮೆಲಾಕು ವೊರೆಡೆ ನಾಟಿ ತಳಿಗಳನ್ನು ಉಳಿಸಿ ಮತ್ತೆ ರೈತರ ಕೈಗೇ ಕೊಡುವ ಕೆಲಸಕ್ಕೆ ನಿಂತರು. 1989ರ ರೈಟ್ ಲೈವ್ಲಿಹುಡ್ ಪ್ರಶಸ್ತಿ ಅವರಿಗೆ ಬಂತು.

ನಮ್ಮಲ್ಲೂ ಅಂಥ ಒಬ್ಬರಿದ್ದರು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ, ಜನ ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದ ತಳಿ ವಿಜ್ಞಾನಿ. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಚಿಕ್ಕದು, ತನ್ನೊಳಗೇ ಪರಾಗ ಕೂಡಿಸಿಕೊಳ್ಳುವಂಥದು. ಅದರಲ್ಲಿ ಅಡ್ಡತಳಿ ಮಾಡುವುದು ಸುಲಭದ ಮಾತಲ್ಲ. ಲಕ್ಷ್ಮಣಯ್ಯನವರು ಅದನ್ನು ಸಾಧಿಸಿ, ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿದರು. ಸಾವಿರಾರು ವರ್ಷ ಅಗಲಿದ್ದ ಎರಡು ಕವಲು ಕಾವೇರಿ ಬಯಲಿನಲ್ಲಿ ಮತ್ತೆ ಒಂದಾದವು. ತೆನೆ ದಪ್ಪಗಾಯಿತು, ಇಳುವರಿ ಏರಿತು, ರಾಗಿ ನೆಚ್ಚಿದ ಮನೆಗಳ ಕಣಜ ತುಂಬಿತು. ಆ ತಳಿಗಳ ಹೆಸರು ಇಂಡಾಫ್. ಹಳೇ ಮೈಸೂರಿನ ರೈತರ ಬಾಯಲ್ಲಿ ಇಂದಿಗೂ ಇರುವ ಆ ಹೆಸರಿನ ಮೊದಲರ್ಧ ಇಂಡಿಯಾದ್ದು, ಉಳಿದರ್ಧ ಆಫ್ರಿಕದ್ದು.